ಮುಷ್ಕರಕ್ಕೆ ಹೋಗೋದಾ, ಬೇಡವಾ?



ಹೋರಾಟ ನಮ್ಮ ಮಂಡ್ಯ ಸೀಮೆಗೆ ಹೊಸದಲ್ಲ. ಕಾವೇರಿ ನೀರಿಗಾಗಿ ರಸ್ತೆಯಲ್ಲಿ ಕೂತಿದ್ದೇವೆ. ಕಬ್ಬಿನ ಬಾಕಿ ಕೊಡಿ ಅಂತ ಕಾರ್ಖಾನೆ ಮುಂದೆ ನಿಂತಿದ್ದೇವೆ. 1938ರಲ್ಲಿ ಮದ್ದೂರಿನ ಶಿವಪುರದಲ್ಲಿ, ಸರ್ಕಾರ ಬೇಡ ಅಂದರೂ ಬಾವುಟ ಹಾರಿಸಿದ ಜನ ನಮ್ಮವರು.

ಆದರೂ ಕೆಲಸದ ಜಾಗದಲ್ಲಿ ಮುಷ್ಕರ ಅಂದರೆ ನಮ್ಮ ಎದೆ ಡವಗುಟ್ಟುತ್ತದೆ. ಯಾಕೆ? ಬಂದ್ ದಿನ ಊರೆಲ್ಲ ಮುಚ್ಚಿರುತ್ತದೆ. ಮಾರನೇ ದಿನ ಎಲ್ಲ ತೆರೆಯುತ್ತದೆ. ಮುಷ್ಕರ ಹಾಗಲ್ಲ. ಅಲ್ಲಿ ನಿಲ್ಲುವುದು ನಮ್ಮ ಕೈಕೆಲಸ. ಅದರ ಜೊತೆಗೇ ನಮ್ಮ ಕೂಲಿ. ಎಷ್ಟು ದಿನ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಸಾವಿರಾರು ಹೆಣ್ಣುಮಕ್ಕಳು ಇವತ್ತು ಗಾರ್ಮೆಂಟ್ಸ್‌ಗೆ ಹೋಗುತ್ತಾರೆ. ಕೋಳಿ ಕೂಗೋ ಹೊತ್ತಿಗೆ ಎದ್ದು, ಮುದ್ದೆ ಕಟ್ಟಿಟ್ಟು, ವ್ಯಾನು ಹತ್ತುತ್ತಾರೆ. ಕೆಲವರು ರೈಲು ಹಿಡಿದು ಬೆಂಗಳೂರಿಗೇ ಹೋಗುತ್ತಾರೆ. ಇನ್ನು ಕೆಲವರು ಅಂಗನವಾಡಿ, ಆಶಾ, ಬಿಸಿಯೂಟದ ಕೆಲಸದಲ್ಲಿದ್ದಾರೆ. ಇವರೆಲ್ಲರ ಬಾಯಲ್ಲೂ ನಾವು ಕೇಳುವ ಮಾತು ಎರಡು.

“ಎಲ್ರೂ ಆಚೆ ಕೂತವ್ರೆ. ನಾನೊಬ್ಳು ಒಳೀಕ್ಕೆ ಹೋದ್ರೆ ಏನಂದಾರು ಕಣಕ್ಕ?”

“ಆಚೆ ಕೂತ್ರೆ ಶನಿವಾರದ ಕಂತಿಗೆ ಏನವ್ವ ಮಾಡ್ಲಿ?”

ಎರಡೂ ನಿಜವಾದ ಮಾತು. ಮೊದಲನೇ ಮಾತು ಆಡಿದವಳು ಧೈರ್ಯವಂತೆ, ಎರಡನೇ ಮಾತು ಆಡಿದವಳು ಹೆದರುಪುಕ್ಕಲಿ ಅಂತ ನಾವು ಹೇಳುವುದಿಲ್ಲ. ಎಷ್ಟೋ ಸಲ ಎರಡು ಮಾತೂ ಒಬ್ಬಳದೇ ಆಗಿರುತ್ತವೆ. ಈ ಪಾಠದಲ್ಲಿ ಅದನ್ನೇ ಕೂತು ಲೆಕ್ಕ ಹಾಕೋಣ.

ಮೊದಲು ಒಲೆಯ ಲೆಕ್ಕ

ಒಂದು ಮನೆ ಅಂದುಕೊಳ್ಳೋಣ. ಮಳವಳ್ಳಿ ಕಡೆಯ ಒಂದು ಹಳ್ಳಿ. ಅಕ್ಕ ಗಾರ್ಮೆಂಟ್ಸ್‌ನಲ್ಲಿ ಟೈಲರ್. ದಿನಕ್ಕೆ 450 ರೂಪಾಯಿ. ತಿಂಗಳಿಗೆ 26 ದಿನ ಕೆಲಸ. ಅಲ್ಲಿಗೆ 11,700 ರೂಪಾಯಿ. ಗಂಡನಿಗೆ ಗದ್ದೆ ಕೆಲಸ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಖರ್ಚು ಬರೆಯೋಣ. ದಿನಸಿ, ಹಾಲು, ತರಕಾರಿಗೆ 4,500. ಸಾಲದ ಕಂತು ವಾರಕ್ಕೆ 800, ತಿಂಗಳಿಗೆ 3,200. ಮಕ್ಕಳ ಶಾಲೆಗೆ 1,500. ಅತ್ತೆಯ ಮಾತ್ರೆಗೆ 600. ಗ್ಯಾಸು, ಕರೆಂಟು, ಮೊಬೈಲಿಗೆ 1,100. ಕೂಡಿದರೆ 10,900. ಉಳಿಯುವುದು 800 ರೂಪಾಯಿ. ಒಂದು ಮದುವೆಗೆ ಮುಯ್ಯಿ ಬಂದರೆ ಅದೂ ಇಲ್ಲ.

ಈಗ 10 ದಿನ ಮುಷ್ಕರ ಆಯಿತು ಅನ್ನೋಣ. 4,500 ರೂಪಾಯಿ ಹೋಯಿತು. ಉಳಿಯುತ್ತಿದ್ದ 800 ಕಳೆದರೂ 3,700 ರೂಪಾಯಿ ಕೊರತೆ. ಈ 3,700 ಎಲ್ಲಿಂದ ಬರುತ್ತದೆ? ಇದು ಮುಷ್ಕರದ ಮೊದಲನೇ ಪ್ರಶ್ನೆ. ಭಾಷಣ ಮಾಡುವವರು ಈ ಪ್ರಶ್ನೆಯನ್ನು ಬಿಟ್ಟೇ ಬಿಡುತ್ತಾರೆ. ನಾವು ಬಿಡಬಾರದು.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಅದನ್ನೂ ಹಾಕೋಣ. ಇದು ನಡೆದ ಸಂಗತಿ. 2020ರ ಏಪ್ರಿಲ್‌ನಿಂದ ಕರ್ನಾಟಕದ ಗಾರ್ಮೆಂಟ್ಸ್ ಕೆಲಸದವರಿಗೆ ತುಟ್ಟಿಭತ್ಯೆ ತಿಂಗಳಿಗೆ 417 ರೂಪಾಯಿ 60 ಪೈಸೆ ಹೆಚ್ಚಬೇಕಿತ್ತು. ಕೊರೋನಾ ಕಷ್ಟ ಅಂತ ಸರ್ಕಾರ ಅದನ್ನು ಮುಂದಕ್ಕೆ ಹಾಕಿತು. “ನಾನೂರು ರೂಪಾಯಿ ತಾನೇ” ಅಂತ ಅನ್ನಿಸಬಹುದು. ವರ್ಷಕ್ಕೆ ಗುಣಿಸಿ ನೋಡಿ. 5,011 ರೂಪಾಯಿ 20 ಪೈಸೆ. ನಮ್ಮ ಅಕ್ಕನ 11 ದಿನದ ಕೂಲಿ! ಕೇಳದೆ ಸುಮ್ಮನಿದ್ದರೆ, ವರ್ಷಕ್ಕೆ 11 ದಿನ ಬಿಟ್ಟಿ ದುಡಿದ ಹಾಗೆ. ಮುಷ್ಕರಕ್ಕೆ ಹೋದರೂ ಕೂಲಿ ಹೋಗುತ್ತದೆ. ಹೋಗದಿದ್ದರೂ ಎಷ್ಟೋ ಸಲ ಕೂಲಿ ಹೋಗುತ್ತಿರುತ್ತದೆ, ಕಾಣದ ಹಾಗೆ.

ಆ ತುಟ್ಟಿಭತ್ಯೆ ಹೇಗೆ ಬಂತು ಗೊತ್ತಾ? ಯೂನಿಯನ್‌ನವರು ಹೈಕೋರ್ಟಿಗೆ ಹೋದರು. 2020ರ ಸೆಪ್ಟೆಂಬರ್‌ನಲ್ಲಿ ಕೋರ್ಟು ಸರ್ಕಾರದ ಆದೇಶಕ್ಕೆ ತಡೆ ಕೊಟ್ಟಿತು. ಆದರೂ ಅನೇಕ ಕಂಪನಿಗಳು ಕೊಡಲಿಲ್ಲ. ನಮ್ಮ ಹೊಲಿಗೆ ಕೊಳ್ಳುವ ವಿದೇಶದ ಕಂಪನಿಗಳ ಮೇಲೆ ಒತ್ತಡ ಬಂತು. ಆಮೇಲೆ 2022ರ ಮೊದಲ ತಿಂಗಳುಗಳಲ್ಲಿ ದೊಡ್ಡ ಕಂಪನಿಗಳು ಬಾಕಿ ಸಮೇತ ಕೊಡಲು ಒಪ್ಪಿದವು. ಹೆಚ್ಚುಕಡಿಮೆ ಎರಡು ವರ್ಷ ಹಿಡಿಯಿತು. ಆದರೆ ಅದಕ್ಕಾಗಿ ಯಾರೂ ತಿಂಗಳುಗಟ್ಟಲೆ ಗೇಟಿನ ಮುಂದೆ ಕೂರಬೇಕಾಗಲಿಲ್ಲ.

ಅಂದರೆ ಮುಷ್ಕರ ಒಂದೇ ದಾರಿ ಅಲ್ಲ. ಎಲ್ಲರೂ ಸಹಿ ಹಾಕಿ ಅರ್ಜಿ ಕೊಡಬಹುದು. ಊಟದ ಹೊತ್ತಿನಲ್ಲಿ ಸಭೆ ಸೇರಬಹುದು. ಕಪ್ಪು ಪಟ್ಟಿ ಕಟ್ಟಿಕೊಂಡು ಕೆಲಸ ಮಾಡಬಹುದು. 20 ಜನ ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ದೂರು ಕೇಳುವ ಸಮಿತಿ ಇರಬೇಕು, ಅದರಲ್ಲಿ ಹೆಂಗಸರೂ ಇರಬೇಕು ಅಂತ ಕಾನೂನಿದೆ. ಮಂಡ್ಯದಲ್ಲಿ ಕಾರ್ಮಿಕ ಇಲಾಖೆಯ ಕಚೇರಿ ಇದೆ. ಈ ಬಾಗಿಲುಗಳನ್ನೆಲ್ಲ ತಟ್ಟಿ ಆಯಿತಾ? ಅರ್ಜಿಯ ನಕಲು ನಮ್ಮ ಹತ್ತಿರ ಇದೆಯಾ? ಅದರ ಮೇಲೆ ‘ತಲುಪಿದೆ’ ಅಂತ ಸೀಲು ಬಿದ್ದಿದೆಯಾ? ಮುಷ್ಕರ ಅನ್ನುವ ಮೊದಲು ಇಷ್ಟು ಕೇಳಿ. ಒಂದು ಬಾಗಿಲೂ ತಟ್ಟದೆ ನೇರವಾಗಿ ಮುಷ್ಕರಕ್ಕೆ ಕರೆಯುವ ಮುಖಂಡರನ್ನು ನಾವಂತೂ ಅಷ್ಟು ಸುಲಭವಾಗಿ ನಂಬುವುದಿಲ್ಲ.

ಎರಡೇ ದಿನದಲ್ಲಿ ಗೆದ್ದದ್ದು

ಬಾಗಿಲು ತಟ್ಟುವುದಕ್ಕೂ ಸಮಯ ಇಲ್ಲದ ಹೊತ್ತು ಬರುತ್ತದೆ. 2016ರಲ್ಲಿ ಹಾಗಾಯಿತು.

ಪಿ.ಎಫ್. ಅಂದರೆ ನಮಗೆಲ್ಲ ಗೊತ್ತು. ನಮ್ಮ ಸಂಬಳದಲ್ಲಿ ಒಂದಷ್ಟು ಹಿಡಿಯುತ್ತಾರೆ. ಕಂಪನಿಯೂ ಒಂದಷ್ಟು ಹಾಕಬೇಕು. ಕೆಲಸ ಬಿಟ್ಟಾಗ ಆ ಹಣ ಕೈಗೆ ಬರುತ್ತದೆ. ಮಗಳ ಮದುವೆ, ಬಾಣಂತನ, ಮನೆಗೆ ಶೀಟು, ಎಲ್ಲದಕ್ಕೂ ಅದೇ ಗಂಟು. ಕೇಂದ್ರ ಸರ್ಕಾರ 2016ರ ಫೆಬ್ರವರಿಯಲ್ಲಿ ಒಂದು ಹೊಸ ನಿಯಮ ತಂದಿತು. ಕಂಪನಿ ಹಾಕಿದ ಪಾಲನ್ನು 58 ವರ್ಷ ಆಗುವವರೆಗೆ ತೆಗೆಯುವಂತಿಲ್ಲ ಅಂತ. ಗಾರ್ಮೆಂಟ್ಸ್‌ನಲ್ಲಿ 58 ವರ್ಷದವರೆಗೆ ದುಡಿಯುವವರು ಎಷ್ಟು ಜನ? 40 ದಾಟಿದರೆ ಕಣ್ಣು ಮಂಜು, ಸೊಂಟ ನೋವು.

ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಹೆಣ್ಣುಮಕ್ಕಳು ಮಿಷನ್ ಬಿಟ್ಟು ಆಚೆ ಬಂದರು. ಒಂದು ಕಾರ್ಖಾನೆಯವರನ್ನು ನೋಡಿ ಇನ್ನೊಂದು ಕಾರ್ಖಾನೆಯವರು. ಯಾವ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ರಸ್ತೆ ತುಂಬ ಹೆಂಗಸರೇ. ಮಾರನೇ ದಿನವೂ ಬಂದರು. 19ರಂದೇ ಕೇಂದ್ರ ಸರ್ಕಾರ ಆ ನಿಯಮ ವಾಪಸ್ ತಗೊಂಡಿತು. ದೇಶದ ಎಲ್ಲ ಕೆಲಸಗಾರರಿಗೂ ಅದರಿಂದ ಲಾಭ ಆಯಿತು.

ಎರಡು ದಿನದ ಕೂಲಿ ಕೊಟ್ಟು ಇಷ್ಟು ದೊಡ್ಡದನ್ನು ಉಳಿಸಿಕೊಂಡರು. ಆದರೆ ಎರಡನೇ ದಿನ ಬಸ್ಸಿಗೆ ಬೆಂಕಿ ಬಿತ್ತು. ಕಲ್ಲು ತೂರಾಟ ಆಯಿತು. ಲಾಠಿ ಏಟು ಬಿತ್ತು. ಅನೇಕರ ಮೇಲೆ ಕೇಸು ಆಯಿತು. ಹೇಳುವವರು, ತಡೆಯುವವರು, ‘ಇಲ್ಲಿಗೆ ಸಾಕು’ ಅನ್ನುವವರು ಯಾರೂ ಇಲ್ಲದಿದ್ದರೆ ಹೀಗೂ ಆಗುತ್ತದೆ. ಆ ಎರಡು ದಿನದ ಗೆಲುವನ್ನು ಹೇಳುವವರು ಈ ಕೇಸುಗಳನ್ನೂ ಹೇಳಬೇಕು.

ಶ್ರೀರಂಗಪಟ್ಟಣದ 50 ದಿನ

ಇದು ನಮ್ಮ ಜಿಲ್ಲೆಯದೇ. ಶ್ರೀರಂಗಪಟ್ಟಣದಲ್ಲಿ ಯೂರೋ ಕ್ಲಾತಿಂಗ್ ಅಂತ ಒಂದು ಗಾರ್ಮೆಂಟ್ಸ್ ಇತ್ತು. ಗೋಕಲದಾಸ್ ಎಕ್ಸ್‌ಪೋರ್ಟ್ಸ್ ಕಂಪನಿಯ ಘಟಕ. ಸಾವಿರಕ್ಕೂ ಹೆಚ್ಚು ಜನ. ಬಹುಪಾಲು ಹೆಂಗಸರು. ಅಲ್ಲಿ ಯೂನಿಯನ್ ಗಟ್ಟಿಯಾಗಿತ್ತು.

2020ರ ಜೂನ್ 6. ಕೊರೋನಾ ಕಾಲ. ಕೆಲಸ ಇಲ್ಲ, ಎಲ್ಲರಿಗೂ ಲೇ-ಆಫ್ ಅಂತ ನೋಟಿಸ್ ಬಿತ್ತು. ಲೇ-ಆಫ್ ಅಂದರೆ, ಕೆಲಸ ಕೊಡಲು ಆಗುವುದಿಲ್ಲ, ಅರ್ಧ ಕೂಲಿ ತಗೊಂಡು ಮನೆಯಲ್ಲಿರಿ ಅಂತ. ಆರ್ಡರ್ ಇಲ್ಲ ಅಂತ ಕಂಪನಿ ಹೇಳಿತು. ಯೂನಿಯನ್ ಇರುವ ಘಟಕವನ್ನೇ ಹುಡುಕಿ ಮುಚ್ಚುತ್ತಿದ್ದಾರೆ ಅಂತ ಕೆಲಸಗಾರರು ಹೇಳಿದರು. ಆಗಿನ ಕಾನೂನಿನಲ್ಲಿ 100 ಜನ ಅಥವಾ ಹೆಚ್ಚು ಜನ ಇರುವ ಕಾರ್ಖಾನೆ ಹೀಗೆ ಮಾಡಬೇಕಾದರೆ ಸರ್ಕಾರದ ಅನುಮತಿ ಬೇಕಿತ್ತು. ಅನುಮತಿ ಎಲ್ಲಿ ಅಂತ ಕೇಳುತ್ತಾ ಹೆಣ್ಣುಮಕ್ಕಳು ಧರಣಿ ಕೂತರು.

ಇದು ಮುಷ್ಕರ ಅಲ್ಲ. ಕೆಲಸ ಕೊಡಿ ಅಂತ ಕೂತ ಧರಣಿ. ಆದರೆ ಒಲೆಯ ಲೆಕ್ಕ ಒಂದೇ ತಾನೇ? ಒಂದು ವಾರ. ಎರಡು ವಾರ. ಒಂದು ತಿಂಗಳು. ಸುಮಾರು 50 ದಿನ ನಡೆಯಿತು. ಜುಲೈ ಕೊನೆಗೆ ಬಹುಪಾಲು ಮಂದಿ ರಾಜೀನಾಮೆಗೆ ಸಹಿ ಹಾಕಿ, ಬರಬೇಕಾದ ಲೆಕ್ಕ ತಗೊಂಡು ಮನೆಗೆ ಹೋದರು. ಅವರನ್ನು ನಾವು ಬೈಯಬಾರದು. 50 ದಿನ ಸಂಬಳ ಇಲ್ಲದೆ ಕೂತು ನೋಡಿದರೆ ಗೊತ್ತಾಗುತ್ತದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಯೂನಿಯನ್ ಬಿಡಲಿಲ್ಲ. ಬಟ್ಟೆ ಕೊಳ್ಳುತ್ತಿದ್ದ ಎಚ್ ಅಂಡ್ ಎಂ ಅನ್ನುವ ವಿದೇಶದ ಕಂಪನಿಯವರೆಗೂ ಸುದ್ದಿ ಮುಟ್ಟಿತು. 2021ರ ಆರಂಭದಲ್ಲಿ ಕಂಪನಿಗೂ ಯೂನಿಯನ್‌ಗೂ ಒಪ್ಪಂದ ಆಯಿತು. ಕೆಲಸ ಕಳೆದುಕೊಂಡವರನ್ನು ಬೇರೆ ಘಟಕಗಳಲ್ಲಿ ಮತ್ತೆ ತಗೊಳ್ಳುತ್ತೇವೆ ಅಂತ ಕಂಪನಿ ಒಪ್ಪಿತು. ಗೆಲುವು ಬಂತು. ಆದರೆ ತಡವಾಗಿ ಬಂತು. ನ್ಯಾಯ ನಮ್ಮ ಕಡೆ ಇದ್ದರೂ ಅಕ್ಕಿ ಡಬ್ಬ ಅಲ್ಲಿವರೆಗೆ ಕಾಯಬೇಕಲ್ಲ!

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ನಾವು ಅಕ್ಷರ ಕಲಿತಿದ್ದೇವೆ. ಹೋರಾಟದ ಹೊತ್ತಿನಲ್ಲಿ ನಮ್ಮ ಮುಂದೆ ಕಾಗದ ಬರುತ್ತದೆ. ಇಂಗ್ಲಿಷಿನಲ್ಲಿ ಇದ್ದರೆ “ಕನ್ನಡದಲ್ಲಿ ಕೊಡಿ, ಓದಿ ಹೇಳ್ತೀನಿ” ಅನ್ನಿ. ಒಂದು ದಿನ ಸಮಯ ಕೇಳಿ. ‘ರಾಜೀನಾಮೆ’ ಅನ್ನುವ ಪದ ಇದೆಯಾ ಹುಡುಕಿ. ‘ಸ್ವಇಚ್ಛೆಯಿಂದ’ ಅನ್ನುವ ಪದ ಇದೆಯಾ ಹುಡುಕಿ. ಕೆಲಸದಿಂದ ತೆಗೆದರೆ ಕಾನೂನು ಬೇರೆ. ನಾವೇ ಬಿಟ್ಟೆವು ಅಂತ ಬರೆದುಕೊಟ್ಟರೆ ಕಾನೂನು ಬೇರೆ. ಕಾಯಂ ಕೆಲಸದವರಿಗೆ ಗ್ರಾಚ್ಯುಟಿ ಹಣ ಸಿಗಲು ಸಾಮಾನ್ಯವಾಗಿ 5 ವರ್ಷ ತುಂಬಬೇಕು. ನಾಲ್ಕು ವರ್ಷಕ್ಕೆ ರಾಜೀನಾಮೆ ಕೊಟ್ಟರೆ ಅದೂ ಹೋಯಿತು. ಖಾಲಿ ಕಾಗದಕ್ಕಂತೂ ದೇವರೇ ಬಂದು ಕೇಳಿದರೂ ಸಹಿ ಬೇಡ.

ತಮ್ಮ ಒಂದು ಕಡೆ, ಅಕ್ಕ ಒಂದು ಕಡೆ

ಹಸಿವಿಗೂ ಮುಷ್ಕರಕ್ಕೂ ಇರುವ ಜಗಳ ಇವತ್ತಿನದಲ್ಲ. ನೂರು ವರ್ಷದ ಹಿಂದೆ ಗಾಂಧೀಜಿ ಮುಂದೆಯೂ ಇದೇ ಪ್ರಶ್ನೆ ಬಂದಿತ್ತು. ಅದನ್ನು ನೋಡೋಣ.

1918. ಗುಜರಾತಿನ ಅಹಮದಾಬಾದು. ಅಲ್ಲಿ ಬಟ್ಟೆ ಗಿರಣಿಗಳಿದ್ದವು. ಪ್ಲೇಗ್ ಬಂದಾಗ ಕೆಲಸಗಾರರು ಊರು ಬಿಡಬಾರದು ಅಂತ ಮಾಲೀಕರು ಹೆಚ್ಚು ಹಣ ಕೊಡುತ್ತಿದ್ದರು. ಪ್ಲೇಗ್ ಹೋಯಿತು. ಹಣ ನಿಲ್ಲಿಸಿದರು. ಆದರೆ ದಿನಸಿ ಬೆಲೆ ಇಳಿಯಲಿಲ್ಲ. ಕೂಲಿಯನ್ನು ನೂರಕ್ಕೆ 35ರಷ್ಟು ಹೆಚ್ಚಿಸಿ ಅಂತ ಕೆಲಸಗಾರರು ಕೇಳಿದರು. ನೂರಕ್ಕೆ 20 ಮಾತ್ರ ಅಂದರು ಮಾಲೀಕರು. ಮಾಲೀಕರ ಮುಂದಾಳು ಅಂಬಾಲಾಲ್ ಸಾರಾಭಾಯಿ. ಕೆಲಸಗಾರರ ಪರ ನಿಂತವರು ಅನಸೂಯಾ ಸಾರಾಭಾಯಿ. ಇಬ್ಬರೂ ಒಡಹುಟ್ಟಿದವರು!

ಸಾಬರಮತಿ ನದಿ ದಂಡೆಯಲ್ಲಿ, ಮರದ ಕೆಳಗೆ ದಿನಾ ಸಭೆ. ಗಾಂಧೀಜಿ ಬಂದು ಧೈರ್ಯ ಹೇಳುತ್ತಿದ್ದರು. ಮೂರು ವಾರ ಆಯಿತು. ಜನ ಬರುವುದು ಕಡಿಮೆ ಆಯಿತು. ಕೆಲಸಗಾರರು ಬೇಸತ್ತು ಆಡಿಕೊಂಡರು. ಗಾಂಧೀಜಿಗೂ ಅನಸೂಯಾ ಬೆನ್‌ಗೂ ಏನು, ಕಾರಿನಲ್ಲಿ ಬಂದು ಹೋಗುತ್ತಾರೆ, ಹೊಟ್ಟೆ ತುಂಬ ಉಣ್ಣುತ್ತಾರೆ, ಸಾಯೋರು ನಾವು ಅಂತ. ಆ ಮಾತು ಗಾಂಧೀಜಿ ಕಿವಿಗೆ ಬಿತ್ತು. ಅದು ನಿಜ ಅಂತ ಅವರಿಗೆ ಅನ್ನಿಸಿತು. ತೀರ್ಮಾನ ಆಗುವವರೆಗೆ ನಾನೂ ಊಟ ಮುಟ್ಟುವುದಿಲ್ಲ ಅಂದರು. ಮೂರು ದಿನಕ್ಕೆ ರಾಜಿ ಆಯಿತು. ಮುಂದೆ ಪಂಚಾಯ್ತಿಯಲ್ಲಿ ನೂರಕ್ಕೆ 35ರಷ್ಟು ಸಿಕ್ಕಿತು.

ನಮಗೆ ಇದರಲ್ಲಿ ಉಪವಾಸಕ್ಕಿಂತ ಇನ್ನೊಂದು ವಿಷಯ ಮುಖ್ಯ ಅನ್ನಿಸುತ್ತದೆ. ಹಸಿದವರಿಗೆ ಬೇರೆ ಕೆಲಸ ಹುಡುಕಿದರು. ಆಶ್ರಮದಲ್ಲಿ ಕಟ್ಟಡ ಏಳುತ್ತಿತ್ತು. ಅದರ ಪಾಯಕ್ಕೆ ಮರಳು ಬೇಕಿತ್ತು. ಕೆಲಸಗಾರರು ನದಿಯಿಂದ ಮರಳು ಹೊತ್ತು ಕೂಲಿ ತಗೊಂಡರು. ಅನಸೂಯಾ ಬೆನ್ ತಾವೂ ತಲೆ ಮೇಲೆ ಬುಟ್ಟಿ ಹೊತ್ತರು. ದಿನಕ್ಕೆ ಎಷ್ಟು ಜನಕ್ಕೆ ಊಟ ಬೇಕು, ಅದು ಎಲ್ಲಿಂದ ಬರುತ್ತದೆ ಅಂತ ಯೋಚನೆ ಮಾಡಿದ ಮುಷ್ಕರ ಅದು.

ಮುಂಬಯಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. 1974ರಲ್ಲಿ ಅಲ್ಲಿನ ಗಿರಣಿಗಳಲ್ಲಿ 42 ದಿನ ಮುಷ್ಕರ ಆಯಿತು. ಒಂಟಿ ಗಂಡಸರಿಗೆ ಊಟ ಹಾಕುತ್ತಿದ್ದವರು ಖಾನಾವಳಿ ನಡೆಸುವ ಹೆಂಗಸರು. ಗಿರಣಿಯವರಿಗೆ ಸಂಬಳ ಇಲ್ಲ. ಊಟದ ದುಡ್ಡು ಬರಲಿಲ್ಲ. ಆದರೂ ಹೆಂಗಸರು ಒಲೆ ಆರಿಸಲಿಲ್ಲ. ಸಾಲ ತಂದು ಅಡುಗೆ ಮಾಡಿ ಬಡಿಸಿದರು. ಮುಷ್ಕರ ಮುಗಿದಾಗ ಸಾಲ ಅವರ ತಲೆ ಮೇಲೆ ಉಳಿಯಿತು. ಆಮೇಲೆ ಪ್ರೇಮಾ ಪುರವ್ ಅನ್ನುವವರು ಅವರನ್ನೆಲ್ಲ ಕೂಡಿಸಿ, 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿ, ಬ್ಯಾಂಕಿನಿಂದ ಸಾಲ ಕೊಡಿಸಿದರು. ಹೋರಾಟಕ್ಕೆ ಗಂಡಸು ಹೋಗಲಿ, ಹೆಂಗಸು ಹೋಗಲಿ, ಅದರ ಭಾರ ಹೊರುವುದು ಅಡುಗೆಮನೆ. ಅದಕ್ಕೇ ತೀರ್ಮಾನ ಮಾಡುವಾಗ ಅಡುಗೆಮನೆಯ ಮಾತು ಮೊದಲು ಕೇಳಬೇಕು ಅಂತ ನಾವು ಹೇಳುವುದು.

ಎಲ್ಲ ಮುಷ್ಕರವೂ ಗೆಲ್ಲುವುದಿಲ್ಲ. ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ., ಎಚ್.ಎಂ.ಟಿ. ಮುಂತಾದ ದೊಡ್ಡ ಸರ್ಕಾರಿ ಕಾರ್ಖಾನೆಗಳಲ್ಲಿ 1980ರ ಕೊನೆಯಿಂದ 1981ರ ಮಾರ್ಚ್‌ವರೆಗೆ 77 ದಿನ ಮುಷ್ಕರ ನಡೆಯಿತು. ಕೇಳಿದ್ದು ಸಿಗದೆಯೇ ವಾಪಸ್ ಹೋದರು. ಮುಂಬಯಿಯಲ್ಲಿ 1982ರ ಜನವರಿಯಲ್ಲಿ ಶುರುವಾದ ಗಿರಣಿ ಮುಷ್ಕರವನ್ನು ಮುಗಿಯಿತು ಅಂತ ಯಾರೂ ಹೇಳಲೇ ಇಲ್ಲ. ಎಷ್ಟೋ ಗಿರಣಿಗಳು ಮತ್ತೆ ತೆರೆಯಲಿಲ್ಲ. ಜನ ಗಂಟು ಮೂಟೆ ಕಟ್ಟಿ ಹಳ್ಳಿಗೆ ಹೋದರು. ಶುರು ಮಾಡುವಾಗಲೇ “ಯಾವಾಗ ನಿಲ್ಲಿಸ್ತೀರಿ? ಯಾರು ನಿಲ್ಲಿಸ್ತೀರಿ?” ಅಂತ ಕೇಳಬೇಕು. ಕೇಳಿದರೆ ಮುಖಂಡರಿಗೆ ಸಿಟ್ಟು ಬಂದರೆ ಬರಲಿ.

ಕಾನೂನು ಏನು ಹೇಳುತ್ತದೆ?

ಹಳೇ ಕಾನೂನು ಬದಲಾಗಿದೆ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಬಂದಿವೆ. ಯಾವ ಕಾರ್ಖಾನೆಯಲ್ಲೇ ಆಗಲಿ, ಮುಷ್ಕರಕ್ಕೆ 14 ದಿನ ಮೊದಲು ನೋಟಿಸ್ ಕೊಡಬೇಕು. ಕಾರ್ಮಿಕ ಅಧಿಕಾರಿ ಮುಂದೆ ರಾಜಿ ಮಾತುಕತೆ ನಡೆಯುವಾಗ ಮುಷ್ಕರ ಮಾಡುವಂತಿಲ್ಲ. ಅರ್ಧದಷ್ಟು ಜನ ಅಥವಾ ಹೆಚ್ಚು ಜನ ಒಟ್ಟಿಗೆ ರಜೆ ಹಾಕಿದರೆ ಅದೂ ಮುಷ್ಕರವೇ. ನಿಯಮ ಮೀರಿದ ಮುಷ್ಕರಕ್ಕೆ 1,000ದಿಂದ 10,000 ರೂಪಾಯಿವರೆಗೆ ದಂಡ, ಅಥವಾ ಒಂದು ತಿಂಗಳವರೆಗೆ ಜೈಲು, ಅಥವಾ ಎರಡೂ. ಕೆಲಸಗಾರರ ಕೈ ಕಟ್ಟುವ ಕಾನೂನು ಇದು ಅಂತ ಯೂನಿಯನ್‌ಗಳು ಹೇಳುತ್ತಿವೆ. ನಮಗೂ ಹಾಗೇ ಕಾಣುತ್ತದೆ. ಆದರೆ ಜಾರಿಯಲ್ಲಿದೆ. ತಿಳಿದೇ ಹೆಜ್ಜೆ ಇಡಬೇಕು.

ಇನ್ನು ಕೂಲಿ. ಮುಷ್ಕರದ ದಿನಗಳಿಗೆ ಕೂಲಿ ಇಲ್ಲ. ಮುಷ್ಕರ ಕಾನೂನುಬದ್ಧ ಆಗಿದ್ದು, ಕಾರಣವೂ ನ್ಯಾಯವಾಗಿದ್ದರೆ ಮಾತ್ರ ಕೇಳಬಹುದು ಅಂತ ಸುಪ್ರೀಂ ಕೋರ್ಟು 1994ರಲ್ಲಿ ಹೇಳಿದೆ. ಅದಕ್ಕೂ ಕೋರ್ಟಿಗೆ ಅಲೆಯಬೇಕು. 10 ಜನ ಅಥವಾ ಹೆಚ್ಚು ಜನ ಮಾತಾಡಿಕೊಂಡು, ನೋಟಿಸ್ ಇಲ್ಲದೆ, ಸರಿಯಾದ ಕಾರಣ ಇಲ್ಲದೆ ಕೆಲಸಕ್ಕೆ ಬರದಿದ್ದರೆ ಇನ್ನೊಂದು ಏಟು ಬೀಳಬಹುದು. ಕೆಲಸದ ಕರಾರಿನಲ್ಲಿ ಹಾಗೆ ಬರೆದಿದ್ದರೆ 8 ದಿನದ ಕೂಲಿವರೆಗೆ ಮುರಿದುಕೊಳ್ಳಬಹುದು. ನಮ್ಮ ಅಕ್ಕನ ಲೆಕ್ಕಕ್ಕೆ ಇದನ್ನು ಸೇರಿಸಿ. 10 ದಿನದ 4,500, ಮೇಲೆ 8 ದಿನದ 3,600. ಒಟ್ಟು 8,100. ಆ ತಿಂಗಳು ಕೈಗೆ ಬರುವುದು 3,600 ರೂಪಾಯಿ ಮಾತ್ರ. ಅದಕ್ಕೇ “ನೋಟಿಸ್ ಕೊಟ್ಟಿದ್ದೀರಾ? ತೋರಿಸಿ” ಅಂತ ಮುಖಂಡರನ್ನು ಕೇಳಿ. ತಾರೀಖು ಓದಿ. ಬೆರಳಿನಲ್ಲಿ 14 ದಿನ ಎಣಿಸಿ.

ಆ 14 ದಿನ ನಮಗೂ ಉಪಯೋಗ. ಅಷ್ಟರಲ್ಲಿ ಲೈನ್ ಲೈನಿನಲ್ಲೂ ಕೂತು ಮಾತಾಡಬಹುದು. ಯಾರ ಮನೆಯಲ್ಲಿ ಒಬ್ಬರದೇ ದುಡಿಮೆ? ಯಾರು ಬಸುರಿ? ಯಾರ ಮಗುವಿಗೆ ಹುಷಾರಿಲ್ಲ? ಯಾರ ಕಂತು ಯಾವ ವಾರ? ವಾರಕ್ಕೆ ಇಷ್ಟು ಅಂತ ಮೊದಲಿನಿಂದಲೇ ಒಂದು ಡಬ್ಬಿಗೆ ಹಾಕುತ್ತಾ ಬಂದಿದ್ದರೆ ಅಂಥವರಿಗೆ ಕೊಡಬಹುದು. ನಮ್ಮ ಸ್ತ್ರೀಶಕ್ತಿ ಸಂಘದ ಉಳಿತಾಯ ಇದ್ದ ಹಾಗೇ ಇದು. ಸಾಲದವರ ಹತ್ತಿರ ಮೊದಲೇ ಹೋಗಿ ಒಂದೆರಡು ಕಂತಿಗೆ ಸಮಯ ಕೇಳಬಹುದು. ಕೊಡಲೇಬೇಕು ಅಂತಿಲ್ಲ. ಆದರೆ ಮನೆ ಮುಂದೆ ಬಂದು ಹೆದರಿಸಿ, ಮಾನ ಕಳೆದು ವಸೂಲಿ ಮಾಡುವುದು ಅಪರಾಧ. 2025ರಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕಾನೂನು ಮಾಡಿದೆ.

ಒಂದು ಮುಷ್ಕರ ತನ್ನೊಳಗಿನ ಅತಿ ಬಡವಳನ್ನು 10 ದಿನ ಹೊರಲು ಆಗದಿದ್ದರೆ, ಅದು ಇನ್ನೂ ತಯಾರಾಗಿಲ್ಲ ಅಂತ ಅರ್ಥ. ಆಗ ತಪ್ಪು ಆ ಬಡವಳದಲ್ಲ.

ಬಾಯಿ ಮಾತು ಮತ್ತು ಕಾಗದ

2025ರ ಜನವರಿಯಲ್ಲಿ ರಾಜ್ಯದ ಆಶಾ ಅಕ್ಕಂದಿರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಚಳಿಯಲ್ಲಿ ನಾಲ್ಕು ದಿನ, ಹಗಲೂ ರಾತ್ರಿ. ಏಪ್ರಿಲ್‌ನಿಂದ ತಿಂಗಳಿಗೆ ಕಡಿಮೆ ಅಂದರೂ 10,000 ರೂಪಾಯಿ ಸಿಗುವ ಹಾಗೆ ಮಾಡುತ್ತೇವೆ ಅಂತ ಸರ್ಕಾರ ಭರವಸೆ ಕೊಟ್ಟಿತು. ಖುಷಿಯಾಗಿ ಎದ್ದು ಬಂದರು. ಏಪ್ರಿಲ್ ಬಂತು, ಹೋಯಿತು. ಮಾತು ನಡೆಯಲಿಲ್ಲ ಅಂತ ಆಗಸ್ಟ್‌ನಲ್ಲಿ ಮತ್ತೆ ಧರಣಿ ಕೂರಬೇಕಾಯಿತು.

ಆದ್ದರಿಂದ ಎದ್ದು ಬರುವ ಮುಂಚೆ ಕಾಗದ ಕೇಳಿ. ಯಾರು, ಏನು, ಯಾವ ತಾರೀಖಿನಿಂದ, ಎಷ್ಟು, ಅಂತ ಇರಬೇಕು. ಮುಷ್ಕರಕ್ಕೆ ಬಂದವರ ಮೇಲೆ ಕ್ರಮ ಇಲ್ಲ ಅಂತಲೂ ಇರಬೇಕು. ಇದನ್ನು ಮರೆತರೆ ಆಮೇಲೆ ಒಬ್ಬೊಬ್ಬರನ್ನೇ ಕರೆದು ‘ನಾಳೆಯಿಂದ ಬರಬೇಡ’ ಅನ್ನುತ್ತಾರೆ.

ವಕೀಲರಿಗೆ ದುಡ್ಡು ಎಲ್ಲಿ ಅನ್ನುತ್ತೀರಾ? ಹೆಂಗಸರಿಗೆ ಉಚಿತ ಕಾನೂನು ನೆರವು ಇದೆ. ಆದಾಯ ಎಷ್ಟು ಅಂತ ಕೇಳುವ ಹಾಗಿಲ್ಲ. ಮಂಡ್ಯದ ಕೋರ್ಟಿನಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮದ್ದೂರು, ಮಳವಳ್ಳಿ ಕೋರ್ಟುಗಳಲ್ಲೂ ಕೇಳಬಹುದು.

ಹೋಗಲು ಆಗದಿದ್ದರೆ

ಎಲ್ಲ ಲೆಕ್ಕ ಹಾಕಿದ ಮೇಲೂ “ನನ್ ಕೈಲಿ ಆಗಕ್ಕಿಲ್ಲ ಕಣ್ರವ್ವ” ಅನ್ನುವವರು ಇರುತ್ತಾರೆ. ಇರಲಿ. ಅದನ್ನು ಮುಂಚೆಯೇ, ಎಲ್ಲರ ಮುಂದೆ ಹೇಳಿ. ಹೋಗುತ್ತೇನೆ ಅಂದು ಬೆಳಿಗ್ಗೆ ಹಿಂದಿನ ಗೇಟಿನಿಂದ ಒಳಗೆ ಹೋದರೆ ಜೊತೆಯವರ ಮನಸ್ಸು ಮುರಿಯುತ್ತದೆ. ಮುಂಚೆ ಹೇಳಿದರೆ ಬೇರೆ ದಾರಿ ಕಾಣುತ್ತದೆ. ಧರಣಿ ಕೂತವರ ಮಕ್ಕಳನ್ನು ಸಂಜೆ ನೋಡಿಕೊಳ್ಳಬಹುದು. ಡಬ್ಬಿಗೆ 50 ರೂಪಾಯಿ ಹಾಕಬಹುದು. ಆಚೆ ಇರುವವಳ ಮಿಷನ್ ಮೇಲೆ ಕೂರಿಸಿ ಅವಳ ಟಾರ್ಗೆಟ್ಟನ್ನೂ ಹೊಲಿ ಅಂದರೆ “ನನ್ನ ಕೆಲಸ ನಾನು ಮಾಡ್ತೀನಿ ಸಾರ್, ಅದು ನಂದಲ್ಲ” ಅನ್ನಬಹುದು.

ಹೋದವರೂ ನೆನಪಿಡಬೇಕು. ಒಳಗೆ ಹೋದವಳಿಗೆ ಬೈದು, ಸೀರೆ ಎಳೆದು, ಊರಿನಲ್ಲಿ ಮಾತು ಬಿಟ್ಟರೆ ಏನು ಬರುತ್ತದೆ? ಮುಷ್ಕರ 10 ದಿನಕ್ಕೆ ಮುಗಿಯುತ್ತದೆ. ಹನ್ನೊಂದನೇ ದಿನ ಅದೇ ವ್ಯಾನಿನಲ್ಲಿ, ಅದೇ ಸೀಟಿನಲ್ಲಿ, ಪಕ್ಕಪಕ್ಕ ಕೂರಬೇಕು.

ಗಂಡನಿಗೆ, ಅತ್ತೆಗೆ ಹೇಳದೆ ಹೋಗಬೇಡಿ ಅಂತಲೂ ನಾವು ಹೇಳುತ್ತೇವೆ. ಅಪ್ಪಣೆ ಕೇಳಲಿಕ್ಕಲ್ಲ. ಕೂಲಿ ಇಲ್ಲದ ದಿನ ಮನೆಯವರೆಲ್ಲ ಸೇರಿ ಕೈ ಬಿಗಿ ಹಿಡಿಯಬೇಕಾಗುತ್ತದೆ, ಅದಕ್ಕೆ. ಬೀಡಿ, ಹೋಟೆಲು, ಲಾಟರಿ ಚೀಟಿ ಇವುಗಳ ಲೆಕ್ಕವೂ ಅವತ್ತೇ ಈಚೆ ಬರಲಿ!

ಬರೆಯಿರಿ, ಕೂಡಿ ಮಾತಾಡಿ

ಸ್ಲೇಟಿನ ಮೇಲೋ, ನೋಟ್ ಪುಸ್ತಕದಲ್ಲೋ ಬರೆಯಿರಿ.

ನನ್ನ ಒಂದು ದಿನದ ಕೂಲಿ ............ ರೂಪಾಯಿ.

ಕೂಲಿ ಇಲ್ಲದೆ ನನ್ನ ಮನೆ ............ ದಿನ ನಡೆಯುತ್ತದೆ.

ನಾವು ಕೇಳುತ್ತಿರುವುದು ............................ . ಅದು ಸಿಕ್ಕರೆ ವರ್ಷಕ್ಕೆ ............ ರೂಪಾಯಿ.

ಮುಷ್ಕರದ ನೋಟಿಸ್ ಕೊಟ್ಟ ತಾರೀಖು ............ . 14 ದಿನ ಮುಗಿಯುವ ತಾರೀಖು ............ .

ನಮ್ಮ ಲೈನಿನಲ್ಲಿ ಒಬ್ಬರದೇ ದುಡಿಮೆ ಇರುವ ಮನೆಗಳು ............ .

ಬರೆದಾದ ಮೇಲೆ ಪಕ್ಕದವರ ಪುಸ್ತಕ ನೋಡಿ. ಎರಡನೇ ಸಾಲಿನಲ್ಲಿ ಎಲ್ಲರಿಗಿಂತ ಕಡಿಮೆ ದಿನ ಬರೆದವರು ಯಾರು? ಮಾತನ್ನು ಅವರಿಂದಲೇ ಶುರು ಮಾಡಿ.